ನಿಂತ ಸೈಕಲ್ಲು ತುಳಿದ ನಮ್ಮತ್ತೆ

ನಮ್ಮ ಸೊಸೆ ಮನೆಗೆ ಒಂದು ಸೈಕಲ್ಲು ತರಿಸಿದ್ದಾಳೆ. ಅದಕ್ಕೆ ಹಿಂದಿನ ಚಕ್ರವಿಲ್ಲ, ಮುಂದಿನದು ನೆಲಕ್ಕೆ ತಾಗುವುದಿಲ್ಲ, ಬೆಲ್ಲಿಲ್ಲ, ಕ್ಯಾರಿಯರ್ ಇಲ್ಲ. ನಡುಮನೆಯಲ್ಲಿ ಟಿ.ವಿ. ಮುಂದೆ ಕಟ್ಟಿಹಾಕಿದ ಕರುವಿನ ಹಾಗೆ ನಿಂತಿರುತ್ತದೆ. ದಿನಾ ತುಳಿ, ಮಂಡಿನೋವು ಹೋಗುತ್ತದೆ, ಮೈ ಹಗುರಾಗುತ್ತದೆ ಎಂದು ಡಾಕ್ಟರು ಹೇಳಿದರಂತೆ. ತಂದ ಹೊಸದರಲ್ಲಿ ತುಳಿದಳು. ಈಗ ಅದರ ಮೇಲೆ ಒದ್ದೆ ಟವೆಲ್ಲು, ಪ್ಯಾಂಟು ಒಣಗುತ್ತವೆ. ನಾನು ಏನೂ ಅನ್ನುವುದಿಲ್ಲ. ಅಂದರೆ ಅತ್ತೆ ಬುದ್ಧಿ ತೋರಿಸಿದಳು ಅನ್ನುತ್ತಾರೆ. ಮೊನ್ನೆ ಬಟ್ಟೆ ತೆಗೆಯುವಾಗ ಪೆಡಲ್ಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದೆ. ಸದ್ದೇ ಬರಲಿಲ್ಲ. ನಮ್ಮತ್ತೆ ತುಳಿಯುತ್ತಿದ್ದುದು ಬೀದಿಗೆಲ್ಲ ಕೇಳಿಸುತ್ತಿತ್ತು.

ಇದು ಹೊಸ ಕಾಲದ ಸಾಮಾನು ಎಂದು ಮನೆಯವರೆಲ್ಲ ತಿಳಿದಿದ್ದಾರೆ. ನಿಂತಲ್ಲೇ ನಿಂತು ತುಳಿಯುವ ಸೈಕಲ್ಲು ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಹಿತ್ತಲಿಗೆ ಬಂದದ್ದು ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷ ತುಂಬುವ ಮೊದಲು. ಅದನ್ನು ಯಾವ ಡಾಕ್ಟರೂ ಬರೆದುಕೊಟ್ಟದ್ದಲ್ಲ. ನನ್ನ ಬಾಯಿಂದ ಬಂದದ್ದು, ಅದೂ ಸಿಟ್ಟಿನಲ್ಲಿ. ಹೇಳುತ್ತೇನೆ, ಅವಸರ ಮಾಡಬೇಡಿ. ನಾನು ಅಕ್ಷರ ಕೂಡಿಸಿಕೊಂಡು ಬರೆಯುವವಳು, ನೀವೂ ನಿಧಾನವಾಗಿಯೇ ಓದಿ.

ಸೈಕಲ್ಲನ್ನು ನಾನು ಮೊದಲು ಕಂಡದ್ದು ನಮ್ಮೂರಿನಲ್ಲಿ, ಚಿಕ್ಕ ಹುಡುಗಿಯಾಗಿದ್ದಾಗ. ಸಿಡುಬು ಬರದಿರಲಿ ಎಂದು ತೋಳಿಗೆ ದಾಕು ಹಾಕುವವನು ಅದರ ಮೇಲೆ ಬರುತ್ತಿದ್ದ. ಅವನು ಬಂದ ಅಂದರೆ ಮಕ್ಕಳೆಲ್ಲ ಕಬ್ಬಿನ ಗದ್ದೆಯೊಳಗೆ ನುಗ್ಗಿ ಅಡಗಿಕೊಳ್ಳುತ್ತಿದ್ದೆವು. ಅವನೇನು ನಮ್ಮನ್ನು ಹುಡುಕುತ್ತಿರಲಿಲ್ಲ. ಸೈಕಲ್ಲನ್ನು ಅರಳಿಕಟ್ಟೆಗೆ ಒರಗಿಸಿ, ಬೀಡಿ ಹಚ್ಚಿಕೊಂಡು, ಆಗಾಗ ಬೆಲ್ಲು ಹೊಡೆಯುತ್ತ ಕೂತಿರುತ್ತಿದ್ದ. ಆ ಬೆಲ್ಲಿನ ಸದ್ದು ಕೇಳಿ ಕಬ್ಬಿನೊಳಗೆ ಕೂತಿರಲು ಯಾವ ಮಗುವಿಗೆ ಆಗುತ್ತದೆ? ಒಬ್ಬೊಬ್ಬರೇ ಬಂದು ದೂರದಲ್ಲಿ ನಿಲ್ಲುತ್ತಿದ್ದೆವು. "ಮುಟ್ಬೇಕಾ? ಬಾ, ಮುಟ್ಟು" ಅನ್ನುವನು. ಒಂದು ಕೈ ಬೆಲ್ಲಿನ ಮೇಲೆ ಇಡುವಷ್ಟರಲ್ಲಿ ಇನ್ನೊಂದು ತೋಳು ಅವನ ಕೈಯಲ್ಲಿರುತ್ತಿತ್ತು. ಆ ಕಲೆ ನನ್ನ ತೋಳಿನಲ್ಲಿ ಇನ್ನೂ ಇದೆ. ಚುಚ್ಚಿದ ನೋವು ನೆನಪಿಲ್ಲ. ಚಕ್ರ ತಿರುಗಿದಾಗ ಅದರ ಕಡ್ಡಿಗಳೆಲ್ಲ ಮಾಯವಾಗಿ, ನಿಂತಾಗ ಮತ್ತೆ ಒಂದೊಂದಾಗಿ ಬರುತ್ತಿದ್ದವಲ್ಲ, ಅದು ನೆನಪಿದೆ.

ಇವತ್ತಿಗೂ ನನಗೆ ಅದೊಂದು ಅರ್ಥವಾಗುವುದಿಲ್ಲ. ನಿಲ್ಲಿಸಿದರೆ ಬಿದ್ದುಹೋಗುವ ವಸ್ತು, ಓಡಿಸಿದರೆ ಬೀಳುವುದಿಲ್ಲ. ದನ, ಕುದುರೆ, ಆನೆ, ಯಾವುದಕ್ಕೂ ದೇವರು ಈ ಬುದ್ಧಿ ಕೊಟ್ಟಿಲ್ಲ. ಮನುಷ್ಯ ಕಬ್ಬಿಣಕ್ಕೆ ಕೊಟ್ಟ.

ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಸೈಕಲ್ಲು ಕಂಡು ಕಂಡು ಸಾಕಾಯಿತು. ನಮ್ಮ ಯಜಮಾನರು ನೂಲಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ಲಿನ ಸೈರನ್ನು ಕೂಗುವ ಮುಂಚೆ ರಸ್ತೆ ತುಂಬ ಸೈಕಲ್ಲು, ಹೊಳೆ ಹರಿದ ಹಾಗೆ. ಹೊತ್ತು ಮುಳುಗಿದ ಮೇಲೆ ದೀಪ ಹಚ್ಚದೆ ಹೋದರೂ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋದರೂ, ಪೋಲೀಸಿನವನು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ಅಯ್ಯನವರು ಹಾದುಹೋಗುತ್ತಿದ್ದರು, ಅಗ್ರಹಾರದವರು, ಅರಮನೆ ಕಚೇರಿಯಲ್ಲಿ ಇದ್ದವರು. ತಲೆಗೆ ಪೇಟ, ಮೈಗೆ ಮುಚ್ಚುಕೋಟು, ಕಚ್ಚೆ ಪಂಚೆ ಸರಪಳಿಗೆ ಸಿಕ್ಕದಂತೆ ಕಣಕಾಲಿಗೊಂದು ಕ್ಲಿಪ್ಪು. ಅವರ ವಯಸ್ಸಿನವರು ಜಗಲಿಯ ಮೇಲೆ ಕೆಮ್ಮಿಕೊಂಡು ಕೂತಿರುವಾಗ ಅವರು ನೆಟ್ಟಗೆ ಕೂತು ಹೋಗುತ್ತಿದ್ದರು. "ಆ ಅಯ್ನೋರಿಗೆ ಜ್ವರಾನೂ ಬರಲ್ಲ ಕಣೆ. ಬಂದ್ರೂ ಸೈಕಲ್ ಹಿಂದೆ ಓಡಿ ಓಡಿ ಸಾಕಾಗಿ ಬುಟ್ಬುಡುತ್ತೆ" ಅನ್ನುತ್ತಿದ್ದರು ನಮ್ಮ ಯಜಮಾನರು. ಅವರೂ ಅಷ್ಟೆ. ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದು ಎಷ್ಟೋ ಜನ ಸೊರಗಿದರು, ಇವರು ಬಂದವರೇ ಮುದ್ದೆ ಮೇಲೆ ಮುದ್ದೆ ಇಳಿಸುತ್ತಿದ್ದರು. ಬೇಯಿಸುವವಳಿಗೆ ಗೊತ್ತು ಸೈಕಲ್ಲಿನ ಗುಣ ಏನೆಂದು.

ಇನ್ನು ನಮ್ಮತ್ತೆ. ಹೆಸರು ಕೆಂಪಮ್ಮ. ಇಲವಾಲದ ಕಡೆಯ ಹೆಣ್ಣು. ದಪ್ಪ ಮೈ, ಸಣ್ಣ ಕಣ್ಣು, ದೊಡ್ಡ ಗಂಟಲು. ಮಾವನವರು ಇದ್ದರು, ಆದರೆ ಅತ್ತೆ ಮಾತಾಡಿ ಉಳಿದರೆ ತಾನೆ ಅವರು ಮಾತಾಡುವುದು. ನನಗೂ ಅತ್ತೆಗೂ ಹೊಂದಿಕೆ ಇರಲಿಲ್ಲ. ಹೊಂದಿಕೆ ಇತ್ತು ಎಂದು ಬರೆದರೆ ನಮ್ಮನ್ನು ಕಂಡವರು ನಗುತ್ತಾರೆ.

ನನಗೆ ಮೊದಲ ಮಗು ಆದಾಗ ಬಾಣಂತಿ ಜ್ವರ ಬಂತು. ಮೈಯೆಲ್ಲ ಬೆಂಕಿಯಂತೆ, ಬಾಯಿಗೆ ಬಂದದ್ದು ಮಾತಾಡುತ್ತಿದ್ದೆನಂತೆ. ಅತ್ತೆ ಬೀದಿ ಬಾಗಿಲಿಗೆ ಹೋಗಿ, ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹರಕೆ ಹೇಳಿಕೊಂಡರು. "ತಾಯಿ, ಈ ಉಡ್ಗಿ ಎದ್ದು ಕೂತು ಒಂದ್ ತುತ್ತು ಉಂಡ್ರೆ, ಪಾದದಿಂದ ನಿನ್ ಬಾಗ್ಲವರ್ಗೂ ಒಂದೊಂದ್ ಮೆಟ್ಲಿಗೂ ಅರಿಶ್ನ ಕುಂಕ್ಮ ಇಟ್ಕೊಂಡು ಬತ್ತೀನಿ." ನಾನು ಎದ್ದು ಕೂತೆ. ಬೇಕಾದಷ್ಟು ತುತ್ತು ಉಂಡೆ.

ಮೆಟ್ಟಿಲಿಗೆ ಅರಿಶಿನ ಕುಂಕುಮ ಇಡುವುದೆಂದರೆ ಏನು ಅನ್ನುವುದು ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗುವವರಿಗೆ ತಿಳಿಯುವುದಿಲ್ಲ. ಸುಮ್ಮನೆ ಹತ್ತಿದರೇ ಎದೆ ಒಡೆಯುವ ಮೆಟ್ಟಿಲು ಅವು. ಒಂದೊಂದಕ್ಕೂ ಬಗ್ಗಬೇಕು, ಇಡಬೇಕು, ಏಳಬೇಕು, ಹತ್ತಬೇಕು. ಮತ್ತೆ ಬಗ್ಗಬೇಕು. ಸಾವಿರ ಮೆಟ್ಟಿಲು ಅನ್ನುತ್ತಾರೆ. ಬಗ್ಗುವವಳಿಗೆ ಅದು ಎರಡು ಸಾವಿರ.

ಹರಕೆ ತೀರಿಸುವ ಮೊದಲೇ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಬಲಗಾಲು ಊದಿಕೊಂಡಿತು. ನಾಟಿ ವೈದ್ಯ ಬಂದು ಮೊಟ್ಟೆಯ ಬಿಳಿ ಹಚ್ಚಿ, ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ. ತಿಂಗಳುಗಟ್ಟಲೆ ಮಲಗಿದರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿಕೊಂಡಿತ್ತು, ಆದರೆ ಮಂಡಿ ಹಿಡಿದುಕೊಂಡಿತ್ತು. ತುಕ್ಕು ಹಿಡಿದ ಛತ್ರಿಯಂತೆ ಪೂರ್ತಿ ಮಡಿಸದು, ಪೂರ್ತಿ ಬಿಚ್ಚದು. ಜಟಕಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಒತ್ತಿ ನೋಡಿ, "ದಿನಾ ಮಡಿಸಿ ಬಿಡಿಸಿ ಮಾಡಿಸಬೇಕಮ್ಮ. ಕಾಲಿನ ಮೇಲೆ ಭಾರ ಬೀಳಬಾರದು, ಆದರೆ ಆಡಿಸಬೇಕು. ಹೀಗೇ ಬಿಟ್ಟರೆ ಕೋಲು ಹಿಡಿದೇ ಕಾಲ ಕಳೆಯಬೇಕಾಗುತ್ತೆ" ಅಂದರು.

ಮಡಿಸಿ ಬಿಡಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಕಾಲು ಮುಟ್ಟಿದರೆ ಸಾಕು, "ಕೊಲ್ತಾವ್ಳೆ ಕಣ್ರಪ್ಪ, ಸೊಸೆ ಕೊಲ್ತಾವ್ಳೆ!" ಎಂದು ಕೂಗುತ್ತಿದ್ದರು. ಪಕ್ಕದ ಮನೆಯ ಗೌರಮ್ಮ ಹಿತ್ತಲ ಗೋಡೆಯ ಮೇಲೆ ತಲೆ ಇಟ್ಟು, "ಪಾಪ, ಇವ್ಳ ಜೀವ ಉಳೀಲಿ ಅಂತ ಹರಕೆ ಕಟ್ಕೊಂಡ್ರು, ಈಗ ಅವರ ಕಾಲೇ ಹೋಯ್ತು" ಅನ್ನುವಳು. ಈ ಮಾತು ನನ್ನ ಬೆನ್ನಿಗೆ ಅಂಟಿಕೊಂಡಿತು. ನೀರಿಗೆ ಹೋದರೆ ಅದೇ, ಹಿಟ್ಟು ಬೀಸಿಸಲು ಹೋದರೆ ಅದೇ. ಅತ್ತೆಯ ಕಾಲು ಬರದೆ ಹೋದರೆ ನಾನು ಬದುಕಿರುವಷ್ಟು ದಿನವೂ ಆ ಕಾಲನ್ನು ತಿಂದವಳು ಅನಿಸಿಕೊಂಡೇ ಬದುಕಬೇಕಿತ್ತು. ಅದಕ್ಕೆ ಒಂದು ದಿನ, "ಅತ್ತೆಮ್ಮ, ನಾನೇ ಹೋಗಿ ಇಟ್ಬಿಟ್ಟು ಬರ್ತೀನಿ. ನಂಗೋಸ್ಕರ ಹೇಳ್ಕೊಂಡಿದ್ದು ತಾನೆ" ಅಂದೆ.

"ಬೇಡ್ಕೊಂಡಿದ್ದು ನನ್ ಬಾಯಿ ಕಣೆ" ಅಂದರು. "ಕೊಡೋವಾಗ ನಿನ್ನ ಕಳಿಸುದ್ರೆ ತಾಯಿ ನನ್ ಮೊಕ ನೋಡಾಳಾ? ಹರಕೆ ತೀರ್ಸದೆ ನಾನು ಸತ್ರೆ ಅದು ಮನೆಗೆ ಒಳ್ಳೇದಲ್ಲ. ನಾನೇ ಹೋಗ್ಬೇಕು."

"ಹೋಗೋರು ಕಾಲು ಮುಟ್ಟಿಸ್ಕೋಬೇಕು."

"ನೀನು ಮುಟ್ಟೋದಲ್ಲ ಅದು, ತಿರುಚೋದು."

ಹೀಗೇ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಹಿತ್ತಲಲ್ಲಿ ನಮ್ಮ ಯಜಮಾನರು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸರಪಳಿಗೆ ಎಣ್ಣೆ ಬಿಟ್ಟು, ಪೆಡಲ್ಲನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ನಾನು ಎಣ್ಣೆ ಹಚ್ಚಿ ಮಂಡಿ ಹಿಡಿದೆ. ಕೈಯ ಮೇಲೆ ಪಟ್ಟನೆ ಹೊಡೆದರು. ನನಗೂ ಸಾಕಾಗಿತ್ತು.

"ನನ್ ಕೈ ಬೇಡ ಅಂದ್ರೆ ಹೋಗಿ ನಿಮ್ ಮಗನ ಸೈಕಲ್ ತುಳೀರಿ. ಅದಾದ್ರೆ ಎಷ್ಟು ಬೈದ್ರೂ ಬೈಸ್ಕೊಂಡು ನಿಂತಿರುತ್ತೆ" ಅಂದೆ.

ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅತ್ತೆ ಆ ಪೆಡಲ್ಲನ್ನೇ ನೋಡುತ್ತಿದ್ದರು. ಅದು ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು, ಮತ್ತೆ ಮೇಲೆ ಬರುತ್ತಿತ್ತು.

"ಲೋ ಮಗ, ನನ್ನ ಎತ್ತಿ ಅದರ ಮ್ಯಾಲೆ ಕೂರ್ಸು."

"ಅವ್ವ, ತಮಾಸೆ ಮಾಡ್ಬೇಡ. ನಂಗೆ ಹೊತ್ತಾಯ್ತು."

"ಕೂರ್ಸೋ ಅಂದ್ರೆ!"

ಅದು ಗಂಡಸರ ಸೈಕಲ್ಲು, ನಡುವೆ ಅಡ್ಡಕಂಬಿ. ಗದ್ದೆಯಲ್ಲಿ ನಾಟಿ ಹಾಕುವಾಗ ಕಟ್ಟುವ ಹಾಗೆ ಅತ್ತೆಗೆ ಸೀರೆ ಕಚ್ಚೆ ಕಟ್ಟಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ, ಒಂದು ಕಡೆ ಮಗ, ಒಂದು ಕಡೆ ನಾನು ಹಿಡಿದು ಹತ್ತಿಸಿದೆವು. ಸೈಕಲ್ಲು ವಾಲಿತು. ಮಾವನವರು ಎಲ್ಲಿದ್ದರೋ, ಹಸುವಿನ ಹಗ್ಗ ತಂದು ಸೀಟಿನ ಕೆಳಗಿನ ಕಂಬಿಯನ್ನು ನುಗ್ಗೆಮರಕ್ಕೆ ಕಟ್ಟತೊಡಗಿದರು.

"ಇಷ್ಟು ವರ್ಷ ಓಡೋಗ್ದೋಳು ಈಗ ಓಡೋಗ್ತೀನಾ? ಎಂಗೆ ಬಿಗೀತಾವ್ರೆ ನೋಡು!" ಅಂದರು ಅತ್ತೆ.

ಮೊದಲ ದಿನ ಕಾಲು ಒಂದು ಸುತ್ತೂ ಬರಲಿಲ್ಲ. ಒಳ್ಳೆಯ ಕಾಲು ಪೆಡಲ್ಲನ್ನು ಒತ್ತುತ್ತಿತ್ತು, ಕೆಟ್ಟ ಕಾಲು ಅರ್ಧಕ್ಕೆ ಬಂದು ಮೇಲೇಳಲಾರೆ ಎಂದು ನಿಲ್ಲುತ್ತಿತ್ತು. ಮತ್ತೆ ಹಿಂದಕ್ಕೆ ತಿರುಗಿಸುವರು, ಕಟಕಟ ಎಂದು ಸರಪಳಿ ಸುಮ್ಮನೆ ಹಿಂದಕ್ಕೆ ಓಡುತ್ತಿತ್ತು. ಮತ್ತೆ ಮುಂದಕ್ಕೆ ಅರ್ಧ. ತೊಟ್ಟಿಲು ತೂಗಿದ ಹಾಗೆ ಅದೇ ಅರ್ಧ, ಅಲ್ಲೇ ಹಿಂದೆ ಮುಂದೆ. ಬೆವರು ಗಲ್ಲದಿಂದ ತೊಟ್ಟಿಕ್ಕಿ ಅಡ್ಡಕಂಬಿಯ ಮೇಲೆ ಬೀಳುತ್ತಿತ್ತು. ತುಟಿ ಕಚ್ಚಿಕೊಂಡಿದ್ದರು. ಒಂದು ಕೂಗಿಲ್ಲ. ನಾನು ಎಣ್ಣೆ ಹಚ್ಚಿದರೆ ಬೀದಿ ಎಬ್ಬಿಸುತ್ತಿದ್ದವರು! ಅವತ್ತು ನನಗೆ ಗೊತ್ತಾಯಿತು, ನೋವು ಇಷ್ಟು ದಿನವೂ ನಿಜವಾಗಿಯೇ ಇತ್ತು, ಕೂಗು ಮಾತ್ರ ನನಗಾಗಿ ಇತ್ತು.

ಮಗ ಕೆಲಸಕ್ಕೆ ಹೊರಡುವ ಮುಂಚೆ ದಿನಾ ಇದೇ. ಹಬ್ಬವಿರಲಿ, ಮಳೆ ಹನಿಯುತ್ತಿರಲಿ, ತಲೆಗೆ ಗೋಣಿಚೀಲ ಹಾಕಿಕೊಂಡು ಕೂರುತ್ತಿದ್ದರು. ಗೌರಮ್ಮನ ತಲೆ ಗೋಡೆಯ ಮೇಲೆ ಇದ್ದೇ ಇರುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಂದು ಬಾಯಿಗೆ ಸೆರಗು ಹಿಡಿದು ನಕ್ಕು ಹೋದರು. ವಯಸ್ಸಾದ ಹೆಂಗಸು ಕಚ್ಚೆ ಕಟ್ಟಿ ಸೈಕಲ್ಲು ಹತ್ತಿದ್ದಾಳೆ, ಅದೂ ಮರಕ್ಕೆ ಕಟ್ಟಿದ ಸೈಕಲ್ಲು.

ಹೀಗೆ ಎಷ್ಟೋ ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿ ಬೂದಿ ಹಾಕಿ ಪಾತ್ರೆ ಉಜ್ಜುತ್ತಿದ್ದೆ. ಬೆನ್ನ ಹಿಂದೆ ಕಟಕಟ, ಕಟಕಟ. ಅದು ಕಿವಿಗೆ ಅಭ್ಯಾಸವಾಗಿ ಕೇಳಿಸುತ್ತಲೇ ಇರಲಿಲ್ಲ. ಇದ್ದಕ್ಕಿದ್ದಂತೆ ನಿಂತಾಗ ಕೇಳಿಸಿತು. ಸತ್ತರೇನೋ ಅನಿಸಿ ತಿರುಗಿದೆ. ಅತ್ತೆ ಹಿಡಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಮೈಯೆಲ್ಲ ಒಂದು ಕಡೆ ವಾಲಿಸಿ ಒತ್ತುತ್ತಿದ್ದರು. ಕೆಟ್ಟ ಮಂಡಿ ನಡುಗುತ್ತ ನಡುಗುತ್ತ ಮೇಲೆ ಬಂತು. ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ದಾಟಿಬಿಟ್ಟಿತು. ಪೆಡಲ್ಲು ದಡಕ್ಕನೆ ಕೆಳಗೆ ಇಳಿದು, ಹಿಂದಿನ ಚಕ್ರ ಸರ್ರನೆ ತಿರುಗಿತು. ನಾನು ನೋಡುತ್ತಿದ್ದ ಹಾಗೆ ಅದರ ಕಡ್ಡಿಗಳೆಲ್ಲ ಮಾಯವಾದವು.

"ಪುಟ್ಟಮ್ಮಾ! ಬಂತು ಕಣೆ! ಒಂದ್ ಸುತ್ತು ಬಂತು!"

"ಬಂತಲ್ಲ, ಇನ್ನೊಂದು ಬರ್ಲಿ" ಅಂದೆ. ಬಾಯಿ ಹಾಗಂದಿತು. ಬೂದಿ ಮೆತ್ತಿದ ತೋಳಿನ ಮೇಲೆ ಕೂದಲೆಲ್ಲ ನೆಟ್ಟಗೆ ನಿಂತದ್ದನ್ನು ಅವರಿಗೆ ಹೇಳಲಿಲ್ಲ. ಗೋಡೆಯ ಮೇಲಿನ ಗೌರಮ್ಮ ಇನ್ನಷ್ಟು ಕತ್ತು ಚಾಚಿದಳು.

ಒಂದು ಬಂದದ್ದೇ ಎಲ್ಲ ಬಂದವು. ಆಮೇಲೆ ಅತ್ತೆಯನ್ನು ಹಿಡಿಯುವವರೇ ಇಲ್ಲ. ಅವರಿಗೆ ಸುಮ್ಮನೆ ತುಳಿಯಲು ಬೇಜಾರು. ಅದಕ್ಕೆ ಊರಿಗೆ ಹೊರಡುತ್ತಿದ್ದರು.

"ಕೆಂಪಕ್ಕ, ಎಲ್ಲೀವರ್ಗೂ ಬಂದೆ?" ಅನ್ನುವಳು ಗೌರಮ್ಮ.

"ಈಗ ತಾನೆ ಕೆರೆ ಏರಿ ದಾಟ್ದೆ. ಹುಣಸೂರು ರಸ್ತೇಲಿ ಬಿಸಿಲು ಕಣೆ."

ಇನ್ನಷ್ಟು ಹೊತ್ತು ಬಿಟ್ಟು, "ಇಲವಾಲಕ್ಕೆ ಹೋದ್ಯಾ?"

"ಹೋಗಿ, ಅಣ್ಣನ ಮನೇಲಿ ಮಜ್ಜಿಗೆ ಕುಡ್ದು, ಅತ್ಗೆ ಕೂಡೆ ಜಗಳ ಮಾಡ್ಕೊಂಡು, ವಾಪಸ್ ಬತ್ತಾ ಇವ್ನಿ. ದಾರಿ ಬುಡು!"

ನಿಂತಲ್ಲಿಂದ ಒಂದು ಗೇಣು ಸರಿಯದ ಸೈಕಲ್ಲಿನ ಮೇಲೆ ಕೂತು ದಿನಾ ತವರಿಗೆ ಹೋಗಿಬರುತ್ತಿದ್ದರು. ಬರಬರುತ್ತ ಇಲವಾಲ ಹತ್ತಿರವಾಯಿತು ಎಂದು ಅದನ್ನೂ ದಾಟಿ ಹೋಗತೊಡಗಿದರು. ಮೈ ಇಳಿಯಿತು. ಏದುಸಿರು ನಿಂತಿತು. ಮಧ್ಯಾಹ್ನದ ಮಂಪರು ಹೋಯಿತು. ಕೋಲು ಮೂಲೆ ಸೇರಿತು. ಬೈಯುವುದು ಮಾತ್ರ ಹೆಚ್ಚಾಯಿತು. ಉಸಿರು ಬಂದರೆ ಅದೂ ಬರುತ್ತದೆ.

ಇಲ್ಲಿ ನನ್ನದೊಂದು ಕತೆ ಇದೆ, ನಗಬೇಡಿ. ಅತ್ತೆ ಇಳಿದ ಮೇಲೆ, ಯಜಮಾನರು ಹೊರಡುವ ಮುಂಚೆ, ಹಿತ್ತಲಲ್ಲಿ ಯಾರೂ ಇಲ್ಲದಾಗ ನಾನೂ ಹತ್ತಿ ತುಳಿಯುತ್ತಿದ್ದೆ. ಚೆನ್ನಾಗಿ ಬರುತ್ತಿತ್ತು. ಅತ್ತೆಗಿಂತ ಜೋರಾಗಿಯೇ ತುಳಿಯುತ್ತಿದ್ದೆ. ನನಗೆ ಸೈಕಲ್ಲು ಬರುತ್ತದೆ ಎಂದು ಪೂರ್ತಿ ನಂಬಿದ್ದೆ. ಮಿಲ್ಲಿಗೆ ರಜೆ ಇದ್ದ ಒಂದು ಮಧ್ಯಾಹ್ನ, ಯಜಮಾನರು ಮಲಗಿದ್ದಾಗ, ಹಗ್ಗ ಬಿಚ್ಚಿ, ಸ್ಟ್ಯಾಂಡು ತೆಗೆದು, ಕಲ್ಲಿನ ಮೇಲಿಂದ ರಾಣಿಯ ಹಾಗೆ ಹತ್ತಿ ಕೂತೆ. ಒಂದು ಸಲ ತುಳಿದೆ. ಎರಡನೆಯ ಸಲ ತುಳಿಯುವ ಹೊತ್ತಿಗೆ ನಾನು ಸಗಣಿ ಗುಂಡಿಯಲ್ಲಿದ್ದೆ. ಸೈಕಲ್ಲು ನನ್ನ ಮೇಲಿತ್ತು. ತುಳಿಯುವುದು ಬೇರೆ, ಬೀಳದೆ ಇರುವುದು ಬೇರೆ ಎಂದು ಯಾರೂ ಹೇಳಿರಲಿಲ್ಲ. ಅತ್ತೆ ಸದ್ದು ಕೇಳಿ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, "ಏನೇ, ತವರಿಗೆ ಹೊಂಟಿದ್ಯಾ?" ಅಂದರು. ನಾನು ಆ ಮನೆಗೆ ಬಂದಾಗಿನಿಂದ ಅವರು ಅವತ್ತಿನಷ್ಟು ನಕ್ಕದ್ದನ್ನು ಕಂಡಿರಲಿಲ್ಲ.

ಆಷಾಢದ ಶುಕ್ರವಾರ ಬೆಟ್ಟದಲ್ಲಿ ಜನ ಜಾಸ್ತಿ, ನೂಕಿಬಿಡುತ್ತಾರೆ ಎಂದು, ದಸರಾ ಮುಗಿದ ಮೇಲಿನ ಒಂದು ಶುಕ್ರವಾರ ಹರಕೆಗೆ ಹೊರಟೆವು. ಮಗುವನ್ನು ಮಾವನವರ ಹತ್ತಿರ ಬಿಟ್ಟೆವು. ಅತ್ತೆ, ನಾನು ಜಟಕಾದಲ್ಲಿ ಬೆಟ್ಟದ ಪಾದಕ್ಕೆ ಹೋದೆವು. ಯಜಮಾನರು ಬುತ್ತಿ, ತೆಂಗಿನಕಾಯಿ, ಹಣ್ಣುಗಳನ್ನೆಲ್ಲ ಸೈಕಲ್ಲಿಗೆ ಕಟ್ಟಿಕೊಂಡು ಮೋಟಾರು ರಸ್ತೆಯಲ್ಲಿ ತಳ್ಳಿಕೊಂಡು ಬರುವುದು ಎಂದಾಯಿತು.

ನಾನು ನೀರಿನ ಚೊಂಬು ಹಿಡಿದು ಮೆಟ್ಟಿಲು ತೇವ ಮಾಡುವುದು, ಅತ್ತೆ ಬಗ್ಗಿ ಇಡುವುದು. ಅರಿಶಿನ, ಕುಂಕುಮ, ಮೇಲೆ. ಅರಿಶಿನ, ಕುಂಕುಮ, ಮೇಲೆ. ಮೊದಲಿನ ಮೆಟ್ಟಿಲುಗಳು ಗೋಡೆಯಂತೆ ಕಡಿದು. ನಾನ್ಯಾಕೆ ಸುಳ್ಳು ಹೇಳಲಿ, ಅರ್ಧಕ್ಕೆ ಬರುವ ಮೊದಲೇ ನನ್ನ ಸೊಂಟ ಹಿಡಿಯಿತು. ಬಾಯಿ ಒಣಗಿತು. ಅತ್ತೆಗೆ ನನಗಿಂತ ಎಷ್ಟು ವಯಸ್ಸು ಹೆಚ್ಚು! ಅವರು ಬಗ್ಗುತ್ತಿದ್ದರು, ಏಳುತ್ತಿದ್ದರು, ಉಸಿರು ಗಡಿಯಾರದ ಹಾಗೆ ಒಂದೇ ಸಮ.

"ಏನೇ, ಇಷ್ಟಕ್ಕೇ ತೇಕ್ತೀಯಾ? ನೀನು ತುಳಿದ ಸೈಕಲ್ಲು ಯಾವ್ದು?" ಅಂದರು.

ನನಗೆ ಉತ್ತರ ಕೊಡಲು ಉಸಿರಿರಲಿಲ್ಲ. ಅದು ಅವರಿಗೆ ಸಿಕ್ಕ ಮೊದಲ ಪ್ರಸಾದ.

ದೊಡ್ಡ ಬಸವಣ್ಣನಿಗೆ ಕೈಮುಗಿದು ಮೇಲೆ ಹತ್ತುವಾಗ ಮಂಡಿ ಹಿಡಿಯಿತು. ಬಗ್ಗಿದವರು ಏಳಲಿಲ್ಲ. ಮುಖ ಬಿಳುಚಿತು. ಇಷ್ಟು ಹತ್ತಿ ಇಲ್ಲಿ ನಿಂತರೆ ಹರಕೆಯೂ ಇಲ್ಲ, ಕಾಲೂ ಇಲ್ಲ, ನನ್ನ ಬೆನ್ನಿಗಂಟಿದ ಮಾತೂ ಹೋಗುವುದಿಲ್ಲ. "ಉಳಿದದ್ದು ನಾನಿಡ್ತೀನಿ, ಕೊಡಿ ಅತ್ತೆಮ್ಮ" ಎಂದು ಬಟ್ಟಲಿಗೆ ಕೈ ಹಾಕಿದೆ. ಕೈ ತಳ್ಳಿದರು. ಮೆಟ್ಟಿಲಿನ ಅಂಚಿಗೆ ಸರಿದು, ಪಕ್ಕದ ಮೋಟುಗೋಡೆಯ ಮೇಲೆ ಕೂತರು. ಕಾಲನ್ನು ಕೆಳಗೆ ಇಳಿಬಿಟ್ಟು, ಕಣ್ಣು ಮುಚ್ಚಿ, ಗಾಳಿಯಲ್ಲೇ ಮುಂದಕ್ಕೆ ಅರ್ಧ, ಹಿಂದಕ್ಕೆ ಅರ್ಧ ತೂಗಿದರು. ಹತ್ತಿ ಬರುತ್ತಿದ್ದ ಹೆಂಗಸರು ನಿಂತು ನೋಡಿದರು.

"ಏನಮ್ಮ, ಮೈಮೇಲೆ ದೇವ್ರು ಬಂದದಾ?" ಎಂದು ಒಬ್ಬಳು ನನ್ನ ಕಿವಿಯಲ್ಲಿ ಕೇಳಿದಳು.

"ಇಲ್ಲ ಕಣಮ್ಮ, ಸೈಕಲ್ ತುಳೀತಾವ್ರೆ" ಅಂದೆ.

ಅವಳು ನನ್ನನ್ನೂ ಒಂದು ಥರ ನೋಡಿ, ಬೇಗ ಬೇಗ ಹತ್ತಿ ಹೋದಳು. ಅತ್ತೆ ತೂಗುತ್ತಲೇ ಇದ್ದರು. ಅರ್ಧ ಹೋಗಿ ಮುಕ್ಕಾಲಾಯಿತು. ಮುಕ್ಕಾಲು ಹೋಗಿ ಕಾಲು ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ಬಂತು. ಕಣ್ಣು ಬಿಟ್ಟು, ಕೆಳಗೆ ಇಳಿದು, "ನೀರ್ ಹಾಕು" ಅಂದರು. ಆಮೇಲೆ ದೇವಸ್ಥಾನದ ಬಾಗಿಲವರೆಗೆ ಎಲ್ಲೂ ಕೂರಲಿಲ್ಲ. ಕೊನೆಯ ಮೆಟ್ಟಿಲಿಗೆ ಇಟ್ಟಾಗ ಬಟ್ಟಲಲ್ಲಿ ಒಂದು ಚಿಟಿಕೆ ಉಳಿದಿತ್ತು. ಅದನ್ನು ನನ್ನ ಹಣೆಗೆ ಒತ್ತಿ, "ತಗೋ, ನಿನ್ನ ಪಾಲು ಮುಗೀತು" ಅಂದರು. ಒತ್ತಿದ್ದು ಜೋರಾಗಿಯೇ ಇತ್ತು.

ಹತ್ತುವುದಕ್ಕಾಗಿ ತಿಂಗಳುಗಟ್ಟಲೆ ತುಳಿದೆವು. ಇಳಿಯಬೇಕಾಗುತ್ತದೆ ಎಂದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ! ದರ್ಶನವಾಗಿ, ಬುತ್ತಿ ಉಂಡು, ಮೊದಲ ಮೆಟ್ಟಿಲು ಇಳಿಯಲು ಕಾಲಿಟ್ಟರೆ ಮಂಡಿ ಒಪ್ಪಲಿಲ್ಲ. ಹತ್ತುವಾಗ ಸುಮ್ಮನಿದ್ದದ್ದು ಇಳಿಯುವಾಗ ಚೂರಿ ಹಾಕಿದಂತೆ ಚುಚ್ಚುತ್ತಿತ್ತು. ಬಸ್ಸು ಯಾವಾಗ ಬರುತ್ತದೋ ಅಲ್ಲಿದ್ದವರಿಗೇ ಗೊತ್ತಿರಲಿಲ್ಲ.

"ಕ್ಯಾರಿಯರ್ ಮ್ಯಾಲೆ ಕೂತ್ಕೊ ಅವ್ವ" ಅಂದರು ಯಜಮಾನರು. ಅಂದ ಮೇಲೆ ಅವರಿಗೇ ಭಯವಾಯಿತು. "ಡಬಲ್ ಹೋದ್ರೆ ಪೋಲೀಸ್ನೋರು ಹಿಡೀತಾರೆ."

"ತಾಯಿ ದರ್ಶನ ಮಾಡ್ಕೊಂಡು ಬತ್ತಿರೋಳ್ನ ಹಿಡಿಯೋನು ಯಾವನೋ ಅವನು? ನಡಿ!"

ಅವರು ರಸ್ತೆಯಲ್ಲಿ ಹೊರಟರು, ನಾನು ಮೆಟ್ಟಿಲಲ್ಲಿ ಇಳಿದೆ. ಮೆಟ್ಟಿಲ ದಾರಿ ರಸ್ತೆಯನ್ನು ಅಡ್ಡ ಹಾಯುವ ಕಡೆ ನಿಂತು ಕಾದೆ. ಮೊದಲು ಬ್ರೇಕಿನ ಕಿರುಚು ಕೇಳಿಸಿತು. ಆಮೇಲೆ ತಿರುವಿನಲ್ಲಿ ಬಂದರು. ನಮ್ಮ ಯಜಮಾನರ ಮುಖದಲ್ಲಿ ರಕ್ತವಿರಲಿಲ್ಲ. ಎರಡೂ ಬ್ರೇಕು ಹಿಡಿದು, ಒಂದು ಕಾಲನ್ನು ನೆಲಕ್ಕೆ ಉಜ್ಜುತ್ತಿದ್ದರು. ಹಿಂದೆ ಅತ್ತೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತಿದ್ದರು. ಒಂದು ಕೈ ಮಗನ ಸೊಂಟಕ್ಕೆ, ಇನ್ನೊಂದು ಕೈಯಲ್ಲಿ ಖಾಲಿ ಬಟ್ಟಲು. ಸೆರಗು ಹಿಂದಕ್ಕೆ ಹಾರುತ್ತಿತ್ತು. ಅಷ್ಟು ದಿನ ಅಷ್ಟು ದೂರ ತುಳಿದವರು ಓಡುವ ಸೈಕಲ್ಲಿನ ಮೇಲೆ ಕೂತದ್ದು ಅದೇ ಮೊದಲು. ಕಣ್ಣು ಎಷ್ಟಗಲವಾಗಿದ್ದವೆಂದರೆ ನನ್ನನ್ನು ಕಾಣಲೇ ಇಲ್ಲ. ಕೆಳಗೆ ಮೈಸೂರೆಲ್ಲ ಹಾಸಿಕೊಂಡು ಬಿದ್ದಿತ್ತು, ಕೆರೆ, ಅರಮನೆ, ಮರ, ಎಲ್ಲ. ಅದನ್ನು ನೋಡುತ್ತಿದ್ದರು. "ಬುಡೋ ಬ್ರೇಕು! ಬುಡೋ ಅಂತೀನಿ!" ಎಂದು ಕೂಗುತ್ತ ನನ್ನ ಮುಂದೆಯೇ ಹಾದುಹೋದರು. ನಾನು ನಿಂತಲ್ಲೇ ಕೈಮುಗಿದೆ. ದೇವಸ್ಥಾನದೊಳಗೆ ಕೂಡ ಅಷ್ಟು ಮನಸ್ಸಿಟ್ಟು ಮುಗಿದಿರಲಿಲ್ಲ.

ಮಾರನೆಯ ದಿನ ಇನ್ನು ಹಿತ್ತಲಿನ ಸದ್ದು ನಿಂತಿತು ಎಂದುಕೊಂಡೆ. ಬೆಳಗಾಗುವ ಮುಂಚೆಯೇ ಸರ್ರನೆ ಚಕ್ರ ತಿರುಗುತ್ತಿತ್ತು.

"ಹರಕೆ ಮುಗೀತಲ್ಲ ಅತ್ತೆಮ್ಮ. ಇನ್ಯಾಕೆ?"

"ಇನ್ನೊಂದು ಹೇಳ್ಕೊಂಡು ಬಂದಿವ್ನಿ."

"ಏನಂತ?"

"ನಿನ್ ಬಾಯಿ ಮುಚ್ಲಿ ಅಂತ."

ಆ ಹರಕೆಯನ್ನು ತಾಯಿ ನಡೆಸಿಕೊಡಲಿಲ್ಲ ಅನ್ನುವುದು ಇಷ್ಟು ಓದಿದ ನಿಮಗೆ ಗೊತ್ತೇ ಇದೆ. ಆದರೂ ಅತ್ತೆ ತುಳಿಯುವುದನ್ನು ಬಿಡಲಿಲ್ಲ. ಇಳಿಯುವುದನ್ನೂ ಹಿತ್ತಲ ಮೆಟ್ಟಿಲ ಮೇಲೆ ಒಂದೊಂದೇ ಕಲಿತರು. ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಳೆಗಾಲದಲ್ಲಿ, ಜ್ವರ ಎಂದು ಮಲಗಿದವರು ಏಳಲಿಲ್ಲ. ಹೆಚ್ಚು ದಿನ ನರಳಲಿಲ್ಲ, ಯಾರಿಂದಲೂ ಹೊರಿಸಿಕೊಳ್ಳಲಿಲ್ಲ. ಹಿಂದಿನ ಶುಕ್ರವಾರ ಬೆಟ್ಟಕ್ಕೆ ಹೋಗಿಬಂದಿದ್ದರು.

ಮುತ್ತೈದೆ ಹೆಣ. ಅರಿಶಿನ ಹಚ್ಚಿ ಮೀಯಿಸಲು ನಾನು, ಗೌರಮ್ಮ ಕೂತೆವು. ನಾನು ಅಳಲಿಲ್ಲ, ನನಗೆ ಅಳು ಬೇಗ ಬರುವುದಿಲ್ಲ. ಮುಖ ಸೊರಗಿ ಇಷ್ಟೇ ಇಷ್ಟಾಗಿತ್ತು. ತೋಳಿನ ಚರ್ಮ ಜೋತು ಬಿದ್ದಿತ್ತು. ಎದೆಗೂಡಿನ ಮೂಳೆ ಎಣಿಸಬಹುದಿತ್ತು. ಸೀರೆ ಸರಿಸಿ ಕಾಲಿಗೆ ನೀರು ಹಾಕಿದೆವು. ಇಬ್ಬರ ಕೈಯೂ ನಿಂತಿತು.

ಆ ಕಾಲು ಆ ಮೈಯದಲ್ಲ. ತೊಡೆ ನಾಟಿ ಹಾಕುವ ಹೆಂಗಸಿನದು. ಮೀನಖಂಡ ಹೊಳೆಯ ಕಲ್ಲಿನ ಹಾಗೆ ದುಂಡಗೆ, ನುಣ್ಣಗೆ, ಗಟ್ಟಿಯಾಗಿತ್ತು. ಅರಿಶಿನದ ನೀರು ಅದರ ಮೇಲೆ ನಿಲ್ಲದೆ ಜಾರುತ್ತಿತ್ತು. ಬಲಗಾಲಿನ ಮಂಡಿಯ ಕೆಳಗೆ ಕೈ ಕೊಟ್ಟು ಎತ್ತಿದೆ. ಎಣ್ಣೆ ಹಾಕಿದ ಬಾಗಿಲಿನ ಹಾಗೆ ಮಡಿಸಿತು, ಬಿಡಿಸಿತು.

"ಪುಟ್ಟಮ್ಮ, ಇದು ಕೆಂಪಕ್ಕನ ಕಾಲೇನೆ?" ಅಂದಳು ಗೌರಮ್ಮ. ಬೆರಳಿನಿಂದ ಒತ್ತಿ ನೋಡಿದಳು. ಬೆರಳು ಒಳಗೆ ಹೋಗಲಿಲ್ಲ.

ಹೊರಗೆ ಗಂಡಸರು ಹೊತ್ತಾಯಿತು ಎಂದು ಕೂಗಿದರು. ನಾವಿಬ್ಬರೂ ಚೊಂಬು ಕೆಳಗಿಟ್ಟು ಆ ಕಾಲುಗಳನ್ನು ನೋಡುತ್ತ ಕೂತಿದ್ದೆವು. ಕೊನೆಗೆ ಗೌರಮ್ಮ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿ ಅಂದಳು:

"ಬೇಗ ಮುಚ್ಚು ಕಣೆ. ಯಾರಾದ್ರೂ ನೋಡುದ್ರೆ ದೃಷ್ಟಿ ಆಗ್ಬುಡ್ತದೆ."